ಫ್ರೀಜ್ ಸ್ಪ್ರೇ ಬಳಸುವುದು ಹೇಗೆ: ಬಿಸಿಯಾದಾಗ ಕೈಕೊಡುವ ಬೋರ್ಡಿನಿಂದ ನೆಲಕ್ಕಂಟಿದ ಮೇಣದವರೆಗೆ

ಟಿವಿಯೋ ಆಂಪ್ಲಿಫೈಯರೋ, ಆನ್ ಮಾಡಿದಾಗ ಚೆನ್ನಾಗಿಯೇ ಇರುತ್ತದೆ. ಹತ್ತು ಹದಿನೈದು ನಿಮಿಷ ಆದ ಮೇಲೆ ಸದ್ದಿಲ್ಲದೆ ನಿಂತುಹೋಗುತ್ತದೆ. ಏನಾಯಿತು ನೋಡೋಣ ಅಂತ ಕವರ್ ಬಿಚ್ಚಿ, ಮಲ್ಟಿಮೀಟರ್ ಹುಡುಕಿ ತಂದು ಕೂರುವಷ್ಟರಲ್ಲಿ ಅದು ತಣ್ಣಗಾಗಿ ಮತ್ತೆ ಓಡಲು ಶುರುವಾಗಿರುತ್ತದೆ. ಎಲ್ಲಿ ಮೀಟರ್ ಇಟ್ಟರೂ ಎಲ್ಲಾ ಸರಿ. ಪೂರ್ತಿ ಸತ್ತ ಬೋರ್ಡ್ ಆದರೂ ವಾಸಿ, ಎಲ್ಲಿ ಕರೆಂಟ್ ನಿಂತಿದೆ ಅಂತ ಒಂದೊಂದೇ ಹೆಜ್ಜೆ ನೋಡುತ್ತಾ ಹೋಗಬಹುದು. ಈ ಬಂದು ಹೋಗುವ ಫಾಲ್ಟ್ ಇದೆಯಲ್ಲ, ಅದು ದಿನಗಟ್ಟಲೆ ತಲೆ ತಿನ್ನುತ್ತದೆ.

ಇಂಥ ಫಾಲ್ಟಿಗೆ ಫ್ರೀಜ್ ಸ್ಪ್ರೇಯಷ್ಟು (ಹೊಡೆದ ಜಾಗವನ್ನು ಕ್ಷಣದಲ್ಲಿ ತಣ್ಣಗೆ ಮಾಡುವ ಡಬ್ಬಿ) ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಆದರೆ ಬಹಳ ಜನ ಅದನ್ನು ತಂದು, ಬೋರ್ಡಿನ ಮೇಲೆಲ್ಲಾ ಹೊಡೆದು, ಏನೂ ತಿಳಿಯದೆ ಡಬ್ಬಿ ಖಾಲಿ ಮಾಡಿಕೊಳ್ಳುತ್ತಾರೆ. ಒಂದು ಮಾತು ನೆನಪಿರಲಿ. ಈ ಸ್ಪ್ರೇ ಏನನ್ನೂ ರಿಪೇರಿ ಮಾಡುವುದಿಲ್ಲ. ಅದು ಪ್ರಶ್ನೆ ಕೇಳುವ ಸಾಧನ. ಒಂದು ಸಲಕ್ಕೆ ಬೋರ್ಡಿನ ಒಂದೇ ಪಾರ್ಟಿಗೆ (ಬಿಡಿಭಾಗಕ್ಕೆ) ಒಂದೇ ಪ್ರಶ್ನೆ ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಈ ಬರಹದಲ್ಲಿ ಮುಖ್ಯವಾಗಿ ಹೇಳುವುದು ಇದನ್ನೇ. ಮನೆಯ ಸಣ್ಣಪುಟ್ಟ ಉಪಯೋಗಗಳು ಕೊನೆಯಲ್ಲಿವೆ.

ಡಬ್ಬಿಯೊಳಗೆ ಏನಿದೆ

ಬೇಗ ಆವಿಯಾಗುವ ಒಂದು ದ್ರವ ಒತ್ತಡದಲ್ಲಿ ತುಂಬಿರುತ್ತದೆ. ಹೊರಗೆ ಬಂದ ಕೂಡಲೇ ಕುದಿದು ಆವಿಯಾಗುತ್ತದೆ, ಹಾಗೆ ಆವಿಯಾಗಲು ಬೇಕಾದ ಶಾಖವನ್ನು ಮುಟ್ಟಿದ ಜಾಗದಿಂದ ಎಳೆದುಕೊಳ್ಳುತ್ತದೆ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುತ್ತದಲ್ವಾ, ಅದೇ ಲೆಕ್ಕ, ಆದರೆ ಬಹಳ ಜೋರಾಗಿ. ಹೋಟೆಲಿನಲ್ಲಿ ದೊಡ್ಡ ಒಲೆ ಉರಿಯುವಾಗ ಗ್ಯಾಸ್ ಸಿಲಿಂಡರಿನ ಹೊರಗೆ ನೀರು ಬೆವರಿ ನಿಲ್ಲುವುದೂ ಇದೇ ಕಾರಣಕ್ಕೆ.

ಒಳಗಿನ ದ್ರವ ಎಲ್ಲಾ ಡಬ್ಬಿಯಲ್ಲೂ ಒಂದೇ ಅಲ್ಲ. ತುಂಬಾ ವರ್ಷ ನಡೆದದ್ದು ಆರ್-134ಎ, ಕಾರಿನ ಏಸಿಯಲ್ಲೂ ಹಳೆಯ ಫ್ರಿಜ್‌ಗಳಲ್ಲೂ ಇರುವ ಅದೇ ಗ್ಯಾಸ್. ಅದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಹೊಡೆದ ಜಾಗ ಅದಕ್ಕಿಂತಲೂ ಕೆಳಗೆ ಇಳಿಯಬಹುದು, ಡಬ್ಬಿಯ ಮೇಲೆ ಮೈನಸ್ 40, ಮೈನಸ್ 50 ಅಂತ ಬರೆದಿರುವುದು ಅದನ್ನೇ. ಈ ಗ್ಯಾಸಿಗೆ ಬೆಂಕಿ ಹಿಡಿಯುವ ಭಯ ಇಲ್ಲ, ಆದರೆ ಭೂಮಿಯ ತಾಪ ಏರಿಸುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜೋರು. ಹಾಗಾಗಿ 2016ರ ಕಿಗಾಲಿ ಒಪ್ಪಂದದ ಪ್ರಕಾರ ಈ ಜಾತಿಯ ಗ್ಯಾಸುಗಳನ್ನೆಲ್ಲ ಕಡಿಮೆ ಮಾಡುತ್ತಾ ಹೋಗಬೇಕು. ಭಾರತವೂ 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಈಗ ಬರುವ ಒಳ್ಳೆಯ ಡಬ್ಬಿಗಳಲ್ಲಿ ಎಚ್‌ಎಫ್‌ಒ-1234ಝಡ್‌ಇ ಇರುತ್ತದೆ. ಅದು ಮೈನಸ್ 19ರಲ್ಲಿ ಕುದಿಯುತ್ತದೆ, ವಾತಾವರಣಕ್ಕೆ ಮಾಡುವ ಹಾನಿ ಬಹಳ ಕಡಿಮೆ, ಸಾಮಾನ್ಯ ಕೋಣೆಯ ಬಿಸಿಯಲ್ಲಿ ಬೆಂಕಿಯೂ ಹಿಡಿಯುವುದಿಲ್ಲ. ಬೆಲೆ ಮಾತ್ರ ಜಾಸ್ತಿ.

ಅಗ್ಗದ ಡಬ್ಬಿಗಳಲ್ಲಿ ಬ್ಯೂಟೇನ್, ಪ್ರೊಪೇನ್, ಡೈಮೀಥೈಲ್ ಈಥರ್ ಇರುತ್ತವೆ. ಅಂದರೆ ಹೆಚ್ಚುಕಡಿಮೆ ಅಡುಗೆ ಗ್ಯಾಸೇ. ಇವು ತಣ್ಣಗೆ ಮಾಡುವುದರಲ್ಲಿ ಏನೂ ಕಮ್ಮಿ ಇಲ್ಲ, ಆದರೆ ಆನ್ ಆಗಿರುವ ಬೋರ್ಡಿನ ಮೇಲೆ ಹೊಡೆಯಲು ಇವನ್ನು ಯಾವತ್ತೂ ಬಳಸಬೇಡಿ. ಎಲ್ಲೋ ಒಂದು ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಕಿಡಿ ಹಾರಿದರೆ ಸಾಕು. ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ, ಬೆಂಕಿಯ ಚಿತ್ರ ಇದ್ದರೆ ಅದನ್ನು ಮೇಣ ತೆಗೆಯುವಂಥ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ, ಅದೂ ಅಡುಗೆಮನೆಯಿಂದ ದೂರ.

ಬೆಂಗಳೂರಿನಲ್ಲಿ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ಡಬ್ಬಿಯ ಜೊತೆ ತೆಳ್ಳನೆಯ ನಳಿಕೆ ಬರುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ನಳಿಕೆ ಇಲ್ಲದ ಡಬ್ಬಿ ಬೋರ್ಡ್ ಕೆಲಸಕ್ಕೆ ದಂಡ. ಆ್ಯಂಟಿ ಸ್ಟ್ಯಾಟಿಕ್ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಒಣ ಗ್ಯಾಸ್ ಜೋರಾಗಿ ನುಗ್ಗುವಾಗ ನಳಿಕೆಯ ತುದಿಯಲ್ಲಿ ಸ್ಟ್ಯಾಟಿಕ್ ಚಾರ್ಜ್ ಹುಟ್ಟುತ್ತದೆ, ಕೆಲವು ಐಸಿಗಳು (ಚಿಪ್‌ಗಳು) ಅದಕ್ಕೇ ಸಾಯುತ್ತವೆ.

ಕೀಬೋರ್ಡ್ ಧೂಳು ಹೊಡೆಯುವ ಏರ್ ಡಸ್ಟರ್ ಡಬ್ಬಿಯನ್ನು ತಲೆಕೆಳಗೆ ಹಿಡಿದರೂ ಇದೇ ಕೆಲಸ ಆಗುತ್ತದೆ. ನೆಟ್ಟಗೆ ಹಿಡಿದಾಗ ಬರೀ ಆವಿ, ತಲೆಕೆಳಗೆ ಮಾಡಿದಾಗ ದ್ರವವೇ ಬರುತ್ತದೆ. ಕೈಯಲ್ಲಿ ಬೇರೇನೂ ಇಲ್ಲದಾಗ ನಾನೂ ಹಾಗೆ ಮಾಡಿದ್ದೇನೆ. ಆದರೆ ಡಸ್ಟರ್‌ಗಳಲ್ಲಿ ಬಹಳಷ್ಟು ಬೆಂಕಿ ಹಿಡಿಯುವಂಥವೇ, ಅದನ್ನು ಓದದೆ ಮುಟ್ಟಬೇಡಿ.

ಶುರು ಮಾಡುವ ಮೊದಲು

ಇದನ್ನು ದಾಟಿ ಕೆಳಗೆ ಹೋಗಬೇಡಿ, ದಯವಿಟ್ಟು.

ಚರ್ಮಕ್ಕೆ ಬಿದ್ದರೆ ಸುಟ್ಟ ಹಾಗೆಯೇ ಗಾಯ ಆಗುತ್ತದೆ. ಕಣ್ಣಿಗೆ ಬಿದ್ದರೆ ಇನ್ನೂ ಕೆಟ್ಟದ್ದು. ಕನ್ನಡಕ ಹಾಕಿಕೊಳ್ಳಿ, ಬೋರ್ಡ್ ಹಿಡಿಯುವ ಕೈಗೆ ಗ್ಲೌಸ್ ಇರಲಿ. ನರುಳ್ಳಿ ತೆಗೆಯಲು, ಉಳುಕಿಗೆ ಹೊಡೆಯಲು ಇದನ್ನು ಬಳಸಲೇಬೇಡಿ, ಅದಕ್ಕೆಂದೇ ಮಾಡಿದ ಔಷಧಿಯ ಡಬ್ಬಿ ಬೇರೆ, ಇದು ಬೇರೆ.

ಕಿಟಕಿ ತೆರೆದಿರಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಹೋಗಿ ಕೂರುತ್ತದೆ, ನೆಲದ ಮೇಲೆ ಆಡುವ ಮಗು, ಮಲಗಿರುವ ನಾಯಿ, ಬೆಕ್ಕು ಇದ್ದರೆ ಮೊದಲು ಆಚೆ ಕಳಿಸಿ. ಬೇಕೆಂದು ಮೂಗಿಗೆ ಎಳೆದುಕೊಂಡರೆ ಹೃದಯದ ಬಡಿತವೇ ತಪ್ಪಿ ಆ ಕ್ಷಣದಲ್ಲೇ ಪ್ರಾಣ ಹೋಗಬಹುದು. ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಡಬ್ಬಿಯನ್ನು ಬೀಗದೊಳಗೆ ಇಡಿ.

ಬೆಂಕಿ ಹಿಡಿಯದ ಗ್ಯಾಸ್ ಅಂತ ಹೇಳಿದೆ, ಆದರೂ ಉರಿಯುವ ಒಲೆ, ಕಾದು ಕೆಂಪಾದ ಕಾಯಿಲ್ ಹತ್ತಿರ ಅದನ್ನು ಹೊಡೆಯಬಾರದು. ಅತಿ ಬಿಸಿಗೆ ಅದು ಒಡೆದು ವಿಷದ ಆಮ್ಲ ಹುಟ್ಟುತ್ತದೆ. ಹಾಟ್ ಏರ್ ಗನ್ನಿನ ಬಾಯಿಗೂ ಇದೇ ಮಾತು.

ಇನ್ನು ಕರೆಂಟು. ಎಸ್‌ಎಂಪಿಎಸ್‌ನ (ಮನೆಯ ಕರೆಂಟನ್ನು ಬೋರ್ಡಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಪವರ್ ಸಪ್ಲೈ) 230 ವೋಲ್ಟ್ ಕಡೆಯಲ್ಲಿ, ಚಾರ್ಜ್ ಹಿಡಿದಿಡುವ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಸ್ಪ್ರೇ ಹೊಡೆದಲ್ಲಿ ಮಂಜು ಕೂರುತ್ತದೆ, ಅದು ಕರಗಿ ನೀರಾಗುತ್ತದೆ, ಆ ನೀರು ಈ ವೋಲ್ಟೇಜ್ ಇರುವ ಕಡೆ ಹರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆನ್ ಇರುವಾಗ ಆ ಭಾಗಕ್ಕೆ ಮನೆಯಲ್ಲಿ ಕಲಿಯುತ್ತಿರುವವರು ಸ್ಪ್ರೇ ಹೊಡೆಯಬೇಡಿ. 5 ವೋಲ್ಟ್, 12 ವೋಲ್ಟ್ ಕಡೆ ಮಾತ್ರ ಕೆಲಸ ಮಾಡಿ.

ಬಿಸಿಯಾದ ಗಾಜಿಗೆ ಹೊಡೆಯಬಾರದು. ಹಳೆಯ ಟಿವಿಯ ಪಿಕ್ಚರ್ ಟ್ಯೂಬ್, ವಾಲ್ವ್ ರೇಡಿಯೋದ ವಾಲ್ವ್, ಉರಿಯುವ ಬಲ್ಬು, ಎಲ್ಲವೂ ಸಿಡಿಯಬಹುದು. ಮೊಬೈಲಿನ ಡಿಸ್‌ಪ್ಲೇ, ಲಿಥಿಯಂ ಬ್ಯಾಟರಿ ಕೂಡ ಬೇಡ.

ಬಿಸಿಯಾದಾಗ ಕೈಕೊಡುವ ಫಾಲ್ಟ್ ಹಿಡಿಯುವುದು

ಮೊದಲ ಕೆಲಸ ಸ್ಪ್ರೇ ಹೊಡೆಯುವುದಲ್ಲ, ಫಾಲ್ಟನ್ನು ಬೇಕೆಂದಾಗ ಬರಿಸುವುದು. ಗಡಿಯಾರ ನೋಡಿ. ಆನ್ ಮಾಡಿದ ಎಷ್ಟನೇ ನಿಮಿಷಕ್ಕೆ ನಿಲ್ಲುತ್ತದೆ, ಕವರ್ ಹಾಕಿದ್ದಾಗ ಎಷ್ಟು, ತೆಗೆದಾಗ ಎಷ್ಟು, ಒಂದು ಚೀಟಿಯಲ್ಲಿ ಬರೆದಿಡಿ. ಕವರ್ ತೆಗೆದಾಗ ಫಾಲ್ಟ್ ಬರುವುದೇ ಇಲ್ಲ ಅಂದರೆ ಗಾಬರಿ ಬೇಡ, ಹೇರ್ ಡ್ರೈಯರ್ ತಂದು ಅರ್ಧ ಅಡಿ ದೂರದಿಂದ ಬೋರ್ಡಿಗೆ ಬಿಸಿ ಗಾಳಿ ಕೊಡಿ. ಬೆರಳಿಟ್ಟರೆ ಬಿಸಿ ಅನ್ನಿಸಬೇಕು, ಸುಡಬಾರದು. ಹಾಟ್ ಏರ್ ಗನ್ ಬೇಡ, ಅದರ ಬಿಸಿಗೆ ಬೆಸುಗೆಯೇ ಕರಗಿಬಿಡುತ್ತದೆ.

ಫಾಲ್ಟ್ ಬಂತು, ಯಂತ್ರ ನಿಂತಿತು. ಈಗ ಡಬ್ಬಿ ತೆಗೆದುಕೊಳ್ಳಿ.

ಒಂದು ರಟ್ಟಿನ ತುಂಡನ್ನು ಬೋರ್ಡಿನ ಮಧ್ಯೆ ಅಡ್ಡ ನಿಲ್ಲಿಸಿ, ಒಂದು ಅರ್ಧಕ್ಕೆ ಮಾತ್ರ ತೆಳ್ಳಗೆ ಹೊಡೆಯಿರಿ. ಒಂದು ಸೆಕೆಂಡ್, ಎರಡು ಸೆಕೆಂಡ್, ಸಾಕು. ಯಂತ್ರ ಮತ್ತೆ ಓಡಿತೇ? ಹಾಗಾದರೆ ಕಳ್ಳ ಆ ಅರ್ಧದಲ್ಲಿ ಇದ್ದಾನೆ. ಓಡಲಿಲ್ಲವೇ? ಇನ್ನೊಂದು ಅರ್ಧಕ್ಕೆ ಹೋಗಿ. ಕೆಲವು ಯಂತ್ರಗಳು ಫಾಲ್ಟ್ ಹೋದ ಮೇಲೂ ತಾವಾಗಿ ಏಳುವುದಿಲ್ಲ, ಸ್ವಿಚ್ ಆಫ್ ಮಾಡಿ ಆನ್ ಮಾಡಬೇಕು, ಅದನ್ನು ಮರೆತು ಸುಮ್ನೆ ಸ್ಪ್ರೇ ಖರ್ಚು ಮಾಡಬೇಡಿ. ಕಳ್ಳ ಇರುವ ಅರ್ಧವನ್ನು ಮತ್ತೆ ಬಿಸಿ ಮಾಡಿ, ಫಾಲ್ಟ್ ಬರಿಸಿ, ಅದನ್ನು ಮತ್ತೆ ಎರಡು ಭಾಗ ಮಾಡಿ. ಹೀಗೆ ನಾಲ್ಕೈದು ಸುತ್ತಿಗೆ ಐದಾರು ಪಾರ್ಟ್‌ಗಳ ಒಂದು ಸಣ್ಣ ಗುಂಪಿಗೆ ಬಂದು ನಿಲ್ಲುತ್ತೀರಿ.

ಇಲ್ಲಿಂದ ಮುಂದೆ ನಳಿಕೆ ಕೂಡ ದಪ್ಪ ಆಯಿತು. ಬೋರ್ಡಿನ ಮೇಲ್ಮೈಗೇ ಬೆಸೆದ ಎಸ್‌ಎಂಡಿ ಪಾರ್ಟ್‌ಗಳು ಅಕ್ಕಿ ಕಾಳಿಗಿಂತ ಚಿಕ್ಕವು, ಒಂದಕ್ಕೆ ಹೊಡೆದರೆ ಪಕ್ಕದ ಹತ್ತಕ್ಕೆ ತಾಗುತ್ತದೆ. ನಾನು ಮಾಡುವುದು ಹೀಗೆ. ಕಿವಿಗೆ ಹಾಕುವ ಹತ್ತಿ ಕಡ್ಡಿ ತೆಗೆದುಕೊಳ್ಳಿ, ಬೋರ್ಡಿನಿಂದ ಆಚೆ ಹಿಡಿದು ಹತ್ತಿಗೆ ಎರಡು ಸೆಕೆಂಡ್ ಸ್ಪ್ರೇ ಹೊಡೆಯಿರಿ. ಹತ್ತಿ ಬಿಳಿ ಮಂಜು ಹಿಡಿದು ಗಟ್ಟಿಯಾಗುತ್ತದೆ. ಅದನ್ನು ಒಂದೇ ಒಂದು ಪಾರ್ಟಿನ ತಲೆಯ ಮೇಲೆ ಇಟ್ಟು ಹತ್ತು ಎಣಿಸಿ. ಇಷ್ಟು ನಿಖರವಾಗಿ ಯಾವ ನಳಿಕೆಯೂ ತಣ್ಣಗೆ ಮಾಡುವುದಿಲ್ಲ, ಸ್ಪ್ರೇ ಕೂಡ ಕಾಲು ಭಾಗದಷ್ಟೂ ಖರ್ಚಾಗುವುದಿಲ್ಲ.

ಪಾರ್ಟ್ ಸಿಕ್ಕಿತು ಅನ್ನಿಸಿದರೆ ಅಲ್ಲಿಗೇ ಕುಣಿಯಬೇಡಿ. ಬಿಸಿ ಮಾಡಿ, ನಿಲ್ಲಬೇಕು. ತಣ್ಣಗೆ ಮಾಡಿ, ಓಡಬೇಕು. ಮೂರು ಸಲ ಒಂದೇ ಉತ್ತರ ಬಂದರೆ ಮಾತ್ರ ನಂಬಿ. ಒಂದೇ ಸಲ ಬಂದದ್ದು ಕಾಕತಾಳೀಯ ಇರಬಹುದು.

ಆಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಟ್ಟಿರುವುದು ಪಾರ್ಟೋ, ಅದರ ಬೆಸುಗೆಯೋ? ತಣ್ಣಗಾದಾಗ ಲೋಹ, ಬೋರ್ಡ್ ಎಲ್ಲವೂ ಒಂದಿಷ್ಟು ಕುಗ್ಗುತ್ತವೆ, ಬಿರುಕು ಬಿಟ್ಟ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗ ಕೂಡಿಕೊಳ್ಳಬಹುದು ಅಥವಾ ಇನ್ನೂ ಬಿಡಬಹುದು. ಹಾಗಾಗಿ ಬೋರ್ಡ್ ಆನ್ ಇರುವಾಗ ಒಣಗಿದ ಬಿದಿರಿನ ಕಡ್ಡಿಯಿಂದ (ಊದುಬತ್ತಿಯ ಹಿಂಬದಿಯ ಕಡ್ಡಿಯೂ ಆಗುತ್ತದೆ) ಆ ಪಾರ್ಟನ್ನು ಮೆಲ್ಲಗೆ ಒತ್ತಿ, ಅಲುಗಿಸಿ ನೋಡಿ. ಒತ್ತಿದಾಗ ಬಂದು ಬಿಟ್ಟಾಗ ಹೋದರೆ ಬೆಸುಗೆಯದೇ ದೋಷ. ಏನೇ ಆದರೂ ಮೊದಲು ಆಫ್ ಮಾಡಿ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಅಂಟು) ಹಾಕಿ, ಬೆಸುಗೆಯನ್ನು ಒಮ್ಮೆ ಹೊಸದಾಗಿ ಕಾಯಿಸಿ. ಅದಕ್ಕೆ ಎರಡು ರೂಪಾಯಿ ಖರ್ಚಿಲ್ಲ. ಅದರಿಂದ ಹೋಗದಿದ್ದರೆ ಪಾರ್ಟ್ ಬದಲಾಯಿಸಿ.

ಸಿಕ್ಕಿಬಿದ್ದವನೇ ಕಳ್ಳ ಅಂತಲ್ಲ

ನಮ್ಮ ಮನೆಯ ಒಂದು ಆಂಪ್ಲಿಫೈಯರಿನ ಕಥೆ ಹೇಳುತ್ತೇನೆ. ಬ್ಲೂಟೂತ್‌ನಲ್ಲಿ ಮೂರು ನಾಲ್ಕು ಹಾಡು ಬರುತ್ತಿತ್ತು, ಆಮೇಲೆ ಕನೆಕ್ಷನ್ ಕಡಿದು ಬ್ಲೂಟೂತ್ ಬೋರ್ಡಿನ ಲೈಟೇ ಆರಿಹೋಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಸರಿ. ಸ್ಪ್ರೇ ತಂದು ಮೇಲೆ ಹೇಳಿದ ಹಾಗೆ ಹುಡುಕಿದೆ. 12 ವೋಲ್ಟನ್ನು 5 ವೋಲ್ಟ್ ಮಾಡುವ 7805 ರೆಗ್ಯುಲೇಟರ್ ಮೇಲೆ ಹೊಡೆದ ತಕ್ಷಣ ನೀಲಿ ಲೈಟ್ ಹೊತ್ತಿಕೊಂಡಿತು. ಮೂರು ಸಲವೂ ಹೊತ್ತಿಕೊಂಡಿತು. ಸಂಶಯವೇ ಇಲ್ಲ ಅಂತ ಹೊಸ 7805 ಹಾಕಿದೆ. ಒಂದು ವಾರಕ್ಕೆ ಅದೇ ಹಾಡು, ಅದೇ ಪಾಡು.

ಆಗ ಕೂತು ಲೆಕ್ಕ ಹಾಕಿದೆ. 12ರಿಂದ 5ಕ್ಕೆ ಇಳಿಸುವಾಗ 7 ವೋಲ್ಟ್ ಆ ಪಾರ್ಟಿನಲ್ಲೇ ಉಳಿಯುತ್ತದೆ. ಅರ್ಧ ಆಂಪಿಯರ್ ಹರಿದರೆ ಮೂರೂವರೆ ವ್ಯಾಟ್ ಬಿಸಿ. ಹೀಟ್ ಸಿಂಕ್ (ಬಿಸಿಯನ್ನು ಎಳೆದು ಗಾಳಿಗೆ ಬಿಡುವ ಲೋಹದ ತುಂಡು) ಇಲ್ಲದೆ ಅಷ್ಟು ಬಿಸಿಯನ್ನು 7805 ತಡೆಯುವುದಿಲ್ಲ, ತನ್ನನ್ನು ತಾನು ಉಳಿಸಿಕೊಳ್ಳಲು ಆಫ್ ಆಗುತ್ತದೆ, ಅದನ್ನು ಹಾಗೆಯೇ ಮಾಡಿರುತ್ತಾರೆ. ಬೆರಳಿನಿಂದ ಹೀಟ್ ಸಿಂಕ್ ಮುಟ್ಟಿದೆ, ತಣ್ಣಗಿತ್ತು! ಪಾರ್ಟ್ ಕುದಿಯುತ್ತಿದೆ, ಸಿಂಕ್ ತಣ್ಣಗಿದೆ. ಸ್ಕ್ರೂ ಪೂರ್ತಿ ಬಿಗಿಯಾಗಿರಲಿಲ್ಲ, ಮಧ್ಯದ, ಬಿಸಿ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಪುಡಿಯ ಹಾಗೆ ಉದುರುತ್ತಿತ್ತು. ಕೆರೆದು ತೆಗೆದು, ಹೊಸ ಪೇಸ್ಟ್ ಹಚ್ಚಿ, ಸ್ಕ್ರೂ ಬಿಗಿ ಮಾಡಿದ ಮೇಲೆ ಇವತ್ತಿನವರೆಗೂ ನಿಂತಿಲ್ಲ. ಹಳೆಯ 7805ಕ್ಕೆ ಏನೂ ಆಗಿರಲಿಲ್ಲ.

ಸ್ಪ್ರೇ ಸುಳ್ಳು ಹೇಳಿರಲಿಲ್ಲ. ಆ ಪಾರ್ಟ್ ಬಿಸಿಯಾಗಿ ನಿಲ್ಲುತ್ತಿದೆ ಅಂತ ಹೇಳಿತ್ತು, ಅಷ್ಟೇ. ಯಾಕೆ ಬಿಸಿಯಾಗುತ್ತಿದೆ ಅಂತ ಕೇಳುವುದು ನನ್ನ ಕೆಲಸವಾಗಿತ್ತು. ರೆಗ್ಯುಲೇಟರ್, ಪವರ್ ಟ್ರಾನ್ಸಿಸ್ಟರ್, ಮಾಸ್‌ಫೆಟ್ ಸಿಕ್ಕಿದಾಗೆಲ್ಲ ಈ ಪ್ರಶ್ನೆ ಕೇಳಿ. ಮುಂದಿನ ಸರ್ಕ್ಯೂಟ್ ಜಾಸ್ತಿ ಕರೆಂಟ್ ಎಳೆಯುತ್ತಿದೆಯೇ? ಫ್ಯಾನ್ ತಿರುಗುತ್ತಿದೆಯೇ? ಗಾಳಿ ಕಿಂಡಿಯಲ್ಲಿ ಧೂಳು ಕಟ್ಟಿದೆಯೇ?

ಇನ್ನೊಂದು ದಾರಿ ತಪ್ಪಿಸುವ ವಿಷಯ ಇದೆ. ಮನೆ ಬಳಕೆಯ ಯಂತ್ರಗಳ ಬಹಳಷ್ಟು ಐಸಿಗಳು 0ಯಿಂದ 70 ಡಿಗ್ರಿಯವರೆಗೆ ಮಾತ್ರ ಕೆಲಸ ಮಾಡಲು ಮಾಡಿದಂಥವು. ನೀವು ಅದನ್ನು ಮೈನಸ್ 40ಕ್ಕೆ ಇಳಿಸಿದರೆ ಏನೂ ಕೆಡದ ಐಸಿಯೂ ತಪ್ಪು ಮಾಡಬಹುದು, ಸರ್ಕ್ಯೂಟಿಗೆ ತಾಳ ಹಾಕುವ ಕ್ರಿಸ್ಟಲ್ ತನ್ನ ತಾಳ ತಪ್ಪಬಹುದು. ಸ್ಪ್ರೇ ಹೊಡೆದಾಗ ಯಂತ್ರ ಸರಿಯಾದರೆ ಅದು ಬೆಲೆಬಾಳುವ ಉತ್ತರ, ಐಸಿಗೋ ಕ್ರಿಸ್ಟಲ್ಲಿಗೋ ಹೊಡೆದಾಗ ಕೆಟ್ಟರೆ ಅದಕ್ಕೆ ಅಷ್ಟು ತೂಕ ಕೊಡಬೇಡಿ. ಮೆಲ್ಲಗೆ, ತೆಳ್ಳಗೆ ಹೊಡೆಯಬೇಕು ಅನ್ನುವುದು ಈ ಕಾರಣಕ್ಕೂ ಹೌದು.

ಬೆಳಗ್ಗೆ ಏಳದ, ಆಮೇಲೆ ಓಡುವ ಯಂತ್ರ

ಇದು ಉಲ್ಟಾ ಫಾಲ್ಟ್. ತಣ್ಣಗಿದ್ದಾಗ ಆನ್ ಆಗುವುದಿಲ್ಲ, ಹತ್ತು ಸಲ ಸ್ವಿಚ್ ಒತ್ತಿ ಕಾದು ಕೂತರೆ ಆಗುತ್ತದೆ, ಒಮ್ಮೆ ಆದರೆ ರಾತ್ರಿಯವರೆಗೂ ತೊಂದರೆ ಇಲ್ಲ. ಮಡಿಕೇರಿ, ಚಿಕ್ಕಮಗಳೂರು ಕಡೆ ಡಿಸೆಂಬರ್ ಜನವರಿಯಲ್ಲಿ ಇಂಥದ್ದು ಜಾಸ್ತಿ ಕಾಣುತ್ತದೆ. ಹತ್ತಕ್ಕೆ ಎಂಟು ಸಲ ಇದು ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಕೆಲಸ, ನಮ್ಮ ಹಳೆಯ ಮೆಕ್ಯಾನಿಕ್‌ಗಳು ಕಂಡೆನ್ಸರ್ ಅನ್ನುತ್ತಾರಲ್ಲ, ಅದೇ. ಒಳಗಿನ ದ್ರವ ವರ್ಷಗಳು ಕಳೆದ ಹಾಗೆ ಒಣಗುತ್ತದೆ, ಚಳಿಗೆ ಉಳಿದದ್ದೂ ಗಟ್ಟಿಯಾಗಿ ಒಳಗಿನ ತಡೆ ಏರುತ್ತದೆ. ಬಿಸಿಯಾದರೆ ಮತ್ತೆ ಸಡಿಲವಾಗುತ್ತದೆ.

ಇಲ್ಲಿ ಯಂತ್ರ ಓಡುತ್ತಿರುವಾಗ, ಲೋ ವೋಲ್ಟೇಜ್ ಕಡೆಯ ಕೆಪಾಸಿಟರ್‌ಗಳಿಗೆ ಒಂದೊಂದಕ್ಕೇ ಹತ್ತಿ ಕಡ್ಡಿಯಿಂದ ತಂಪು ಕೊಡಿ. ಯಾವುದಕ್ಕೆ ಕೊಟ್ಟಾಗ ಯಂತ್ರ ತಡವರಿಸುತ್ತದೋ ಅದನ್ನು ಬದಲಾಯಿಸಿ. ನಿಜ ಹೇಳಬೇಕೆಂದರೆ ಅದರ ಜೊತೆಗೆ ಹುಟ್ಟಿದ ಪಕ್ಕದ ಕೆಪಾಸಿಟರ್‌ಗಳನ್ನೂ ಒಟ್ಟಿಗೆ ಬದಲಾಯಿಸುವುದೇ ಜಾಣತನ, ಒಂದೇ ವಯಸ್ಸಿನವು, ಒಂದೇ ಬಿಸಿ ತಿಂದಿರುತ್ತವೆ.

ಮಂಜು ಹರಡಿ ಶಾರ್ಟ್ ಹುಡುಕುವುದು

ಮೊಬೈಲ್, ಲ್ಯಾಪ್‌ಟಾಪ್ ರಿಪೇರಿಯವರು ಈ ಕೆಲಸಕ್ಕೇ ಡಬ್ಬಿ ಇಟ್ಟುಕೊಂಡಿರುತ್ತಾರೆ. ಬೋರ್ಡಿನ ಒಂದು ಪವರ್ ಲೈನ್ ನೆಲಕ್ಕೆ (ಗ್ರೌಂಡ್, ಅಂದರೆ ಬೋರ್ಡಿನ ನೆಗೆಟಿವ್ ಲೈನಿಗೆ) ಶಾರ್ಟ್ ಆಗಿದೆ. ಆ ಲೈನಿನಲ್ಲಿ ಮೂವತ್ತು ನಲವತ್ತು ಚಿಕ್ಕ ಸೆರಾಮಿಕ್ ಕೆಪಾಸಿಟರ್‌ಗಳಿವೆ, ಕೆಟ್ಟಿರುವುದು ಒಂದೇ. ಒಂದೊಂದಾಗಿ ಕೀಳುತ್ತಾ ಹೋದರೆ ಬೋರ್ಡ್ ಕಥೆ ಮುಗಿದ ಹಾಗೆ.

ಬ್ಯಾಟರಿ, ಚಾರ್ಜರ್ ಎಲ್ಲಾ ತೆಗೆದಿಡಿ. ಕರೆಂಟ್ ಮಿತಿ ಇಡಬಹುದಾದ ಪವರ್ ಸಪ್ಲೈ ಬೇಕು, ಅದಿಲ್ಲದೆ ಇದನ್ನು ಮಾಡಬೇಡಿ. ವೋಲ್ಟೇಜನ್ನು 1 ವೋಲ್ಟಿಗೆ, ಕರೆಂಟನ್ನು 1 ಆಂಪಿಯರಿಗೆ ಇಡಿ. ಆ ಲೈನಿನ ಮಾಮೂಲಿ ವೋಲ್ಟೇಜ್ ಏನಿದೆಯೋ ಅದನ್ನು ಎಂದೂ ದಾಟಬಾರದು. ನೆಗೆಟಿವ್ ವೈರ್ ಬೋರ್ಡಿನ ನೆಲಕ್ಕೆ, ಪಾಸಿಟಿವ್ ಶಾರ್ಟ್ ಆದ ಲೈನಿಗೆ. ಸಪ್ಲೈ ಇನ್ನೂ ಆಫ್ ಇರಲಿ.

ಈಗ ಒಂದು ಗೇಣು ದೂರದಿಂದ ಬೋರ್ಡಿನ ಮೇಲೆ ತೆಳ್ಳಗೆ ಸ್ಪ್ರೇ ಬೀಸಿ. ಕಪ್ಪು ಐಸಿಗಳ ಮೇಲೆ ಮೊದಲು ಬೂದಿ ಉದುರಿಸಿದ ಹಾಗೆ ಕಾಣುತ್ತದೆ, ಆಮೇಲೆ ಇಡೀ ಬೋರ್ಡ್ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅಷ್ಟಾದ ಕೂಡಲೇ ಸಪ್ಲೈ ಆನ್ ಮಾಡಿ, ಉಸಿರು ಬಿಡದೆ ನೋಡಿ. ಉಸಿರು ತಾಗಿದರೂ ಮಂಜು ಕರಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಬಿಳಿಯ ನಡುವೆ ಎಲ್ಲೋ ಒಂದು ಕಡೆ ಸಾಸಿವೆ ಕಾಳಿನಷ್ಟು ಜಾಗ ಒದ್ದೆಯಾಗಿ ಹೊಳೆಯುತ್ತದೆ, ಅದರ ಬಣ್ಣ ಕಾಣುತ್ತದೆ, ಸುತ್ತ ಎಲ್ಲಾ ಇನ್ನೂ ಬಿಳಿ. ಅಲ್ಲಿರುವ ಕೆಪಾಸಿಟರೇ ನಿಮಗೆ ಬೇಕಾದದ್ದು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು, ಗಂಟೆಗಟ್ಟಲೆ ಹುಡುಕಿದ್ದು ಕಣ್ಣ ಮುಂದೆ ತಾನಾಗಿ ಎದ್ದು ಬಂತು. ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ಇದ್ದರೆ ಒಳ್ಳೆಯದು, ಕಣ್ಣು ತಪ್ಪಿದರೂ ಹಿಂದೆ ಓಡಿಸಿ ನೋಡಬಹುದು.

ಏನೂ ಕರಗಲಿಲ್ಲ ಅಂದರೆ ಮಂಜು ಹೋಗುವವರೆಗೆ ಕಾದು, ಬೋರ್ಡ್ ಒಣಗಿಸಿ, ಕರೆಂಟನ್ನು 2 ಆಂಪಿಯರ್ ಮಾಡಿ ಮತ್ತೆ ನೋಡಿ. ಮಂಜು ಕೂರಲು ಗಾಳಿಯಲ್ಲಿ ತೇವ ಬೇಕು ಅನ್ನುವುದೂ ಗೊತ್ತಿರಲಿ. ಮಂಗಳೂರಿನ ಜುಲೈನಲ್ಲಿ ಒಂದು ಬೀಸಿಗೇ ಬೋರ್ಡ್ ಬೆಳ್ಳಗಾಗುತ್ತದೆ, ಬಳ್ಳಾರಿಯ ಏಪ್ರಿಲ್‌ನಲ್ಲಿ ಎರಡು ಮೂರು ಸಲ ಬೇಕಾಗಬಹುದು. ಇನ್ನೊಂದು, ಪ್ರೊಸೆಸರಿನ ಕೋರ್ ಲೈನಿನಲ್ಲಿ (ಅದಕ್ಕೆ ಮುಖ್ಯ ಕರೆಂಟ್ ಕೊಡುವ ಲೈನು) ಏನೂ ಕೆಡದಿದ್ದರೂ ಮೀಟರ್ ಬೀಪ್ ಅನ್ನುವಷ್ಟು ಕಡಿಮೆ ಓಮ್ ತೋರಿಸಬಹುದು. ಅದನ್ನು ಶಾರ್ಟ್ ಅಂತ ತಿಳಿದು ಕರೆಂಟ್ ನುಗ್ಗಿಸಬೇಡಿ.

ಕೆಲಸ ಮುಗಿದ ಮೇಲೆ ನೀರು ಒರೆಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಮ್ಮೆ ಉಜ್ಜಿ, ಕಾಲು ಗಂಟೆ ಹಾಗೆಯೇ ಬಿಟ್ಟು ಆಮೇಲೆ ಬ್ಯಾಟರಿ ಜೋಡಿಸಿ.

ಫ್ರಿಜ್, ಏಸಿ

ಫ್ರೀಜರಿನಲ್ಲಿ ಗುಡ್ಡೆಗಟ್ಟಲೆ ಐಸ್, ಕೆಳಗಿನ ಭಾಗದಲ್ಲಿ ತರಕಾರಿ ಕೊಳೆಯುತ್ತಿದೆ. ಹಳೆಯ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಹೀಗಾದರೆ, ಐಸ್ ಕರಗಿಸುವ ಹೀಟರಿನ ಕರೆಂಟನ್ನು ಬಿಡುವ, ತಡೆಯುವ ಡಿಫ್ರಾಸ್ಟ್ ಬೈಮೆಟಲ್ ಮೇಲೆ ಸಂಶಯ ಪಡಬೇಕು. ಕಾಸಿನ ಗಾತ್ರದ ಸಣ್ಣ ಬಿಲ್ಲೆ ಅದು. ಮೈನಸ್ ಡಿಗ್ರಿಯ ಚಳಿಯಲ್ಲಿ ಅದರೊಳಗಿನ ಸ್ವಿಚ್ ಕೂಡಿಕೊಂಡಿರಬೇಕು, ಐಸ್ ಕರಗಿ ಬೆಚ್ಚಗಾದ ಮೇಲೆ ಬಿಡಬೇಕು. ಬಿಚ್ಚಿ ಮೇಜಿನ ಮೇಲಿಟ್ಟು ಅಳೆದರೆ ಅದು ಬೆಚ್ಚಗಿರುತ್ತದೆ, ಸ್ವಿಚ್ ಬಿಟ್ಟಿರುತ್ತದೆ, ಹಾಳಾಗಿದೆ ಅಂತ ತಿಳಿದು ಎಷ್ಟೋ ಜನ ಒಳ್ಳೆಯದನ್ನೇ ಎಸೆಯುತ್ತಾರೆ. ಫ್ರಿಜ್ ಪ್ಲಗ್ ತೆಗೆದು, ಬೈಮೆಟಲ್ ಎರಡು ವೈರಿಗೆ ಮೀಟರ್ ಹಚ್ಚಿ, ಕಂಟಿನ್ಯುಟಿಯಲ್ಲಿಟ್ಟು (ದಾರಿ ಕೂಡಿದ್ದರೆ ಬೀಪ್ ಅನ್ನುವ ಸೆಟ್ಟಿಂಗ್), ಬಿಲ್ಲೆಗೆ ಐದು ಸೆಕೆಂಡ್ ಸ್ಪ್ರೇ ಹೊಡೆಯಿರಿ. ಟಕ್ ಅಂತ ಸಣ್ಣ ಸದ್ದು ಬಂದು ಮೀಟರ್ ಬೀಪ್ ಅಂದರೆ ಅದು ಚೆನ್ನಾಗಿದೆ, ಹೀಟರ್ ಕಡೆ ನೋಡಿ. ಸದ್ದೇ ಇಲ್ಲ ಅಂದರೆ ಬದಲಾಯಿಸಿ.

ಏಸಿಯ ತಾಪ ಸೆನ್ಸರ್ ಪರೀಕ್ಷೆಯೂ ಹೀಗೆಯೇ. 10 ಕಿಲೋ ಓಮ್ ಸೆನ್ಸರ್ ಇದ್ದರೆ 25 ಡಿಗ್ರಿಯಲ್ಲಿ ಮೀಟರ್ 10 ಕಿಲೋ ಓಮ್ ತೋರಿಸುತ್ತದೆ. ಸ್ಪ್ರೇ ತಾಗಿದಾಗ ಅದು ನೆಗೆಯದೆ ಸರಾಗವಾಗಿ ಏರುತ್ತಾ 30 ಕಿಲೋ ಓಮ್ ದಾಟಿ ಹೋಗಬೇಕು. ಮಧ್ಯದಲ್ಲಿ ಹಾರಿದರೆ, ಅಲ್ಲಾಡದೆ ನಿಂತರೆ ಸೆನ್ಸರ್ ಹೋಗಿದೆ.

ಮನೆಯ ಉಳಿದ ಕೆಲಸ

ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ, ಅರ್ಧಕ್ಕರ್ಧ ಕೆಲಸಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ ಐಸ್ ತುಂಡೇ ಸಾಕು. ಸ್ಪ್ರೇ ದುಬಾರಿ. ಐಸ್ ಹೋಗದ ಜಾಗಕ್ಕೆ ಮಾತ್ರ ಸ್ಪ್ರೇ ಇಟ್ಟುಕೊಳ್ಳಿ.

ಕರೆಂಟ್ ಹೋದಾಗ ಹಚ್ಚಿದ ಮೇಣದಬತ್ತಿ ಟೈಲ್ಸಿನ ಮೇಲೆ, ಮೇಜಿನ ಮೇಲೆ ಸೋರಿದ್ದರೆ ಎರಡು ಸೆಕೆಂಡ್ ಹೊಡೆದು, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ತಳ್ಳಿ, ಚಿಪ್ಪಿನ ಹಾಗೆ ಎದ್ದು ಬರುತ್ತದೆ. ನಂದಿದ ಹಿತ್ತಾಳೆ ದೀಪದ ಸಂದಿನಲ್ಲಿ ಕೂತ ಮೇಣಕ್ಕೆ ನಳಿಕೆ ತುಂಬಾ ಉಪಕಾರಿ. ಮಗುವಿನ ಯೂನಿಫಾರ್ಮಿಗೆ ಅಂಟಿದ ಚೂಯಿಂಗ್ ಗಮ್ಮಿಗೆ ಬಟ್ಟೆಯ ಹಿಂದಿನಿಂದ ಹೊಡೆದು, ಗಟ್ಟಿಯಾದ ಕೂಡಲೇ ಮುರಿದು ತೆಗೆಯಿರಿ, ತಡ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ರೇಷ್ಮೆ ಸೀರೆಗೆ ಬೇಡ, ಐಸ್ ಕವರ್ ಇಟ್ಟು ನಿಧಾನಕ್ಕೆ ಮಾಡಿ. ಹಲಸಿನ ಮೇಣಕ್ಕೆ ಇದು ಯಾವುದೂ ಬೇಡ, ಕೊಬ್ಬರಿ ಎಣ್ಣೆಯೇ ಸರಿ.

ಬೇರಿಂಗ್ ಕೂರಿಸಲು ಶಾಫ್ಟ್ ತಣ್ಣಗೆ ಮಾಡಿ ಅನ್ನುತ್ತಾರೆ. ಮಾಡಬಹುದು, ಆದರೆ ಲೆಕ್ಕ ನೋಡಿ. 6202 ಬೇರಿಂಗಿನ ಒಳ ಅಳತೆ 15 ಮಿ.ಮೀ. ಅಷ್ಟೇ ದಪ್ಪದ ಉಕ್ಕಿನ ಶಾಫ್ಟನ್ನು 60 ಡಿಗ್ರಿ ಇಳಿಸಿದರೆ ಕುಗ್ಗುವುದು ಸುಮಾರು 0.01 ಮಿ.ಮೀ. ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಸ್ವಲ್ಪ ಬಿಗಿ ಇದ್ದಲ್ಲಿ ಅಷ್ಟು ಸಾಕಾಗುತ್ತದೆ, ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಏನೂ ಆಗುವುದಿಲ್ಲ. ಕಾರಿನ ಬಾಡಿಯ ತಗ್ಗು ಹೇರ್ ಡ್ರೈಯರ್ ಮತ್ತು ಈ ಸ್ಪ್ರೇಯಿಂದ ತಾನಾಗಿ ಎದ್ದು ಬರುತ್ತದೆ ಅನ್ನುವ ವಿಡಿಯೋಗಳನ್ನು ನಂಬಿ ಪೇಂಟ್ ಹಾಳು ಮಾಡಿಕೊಳ್ಳಬೇಡಿ.

ಡಬ್ಬಿ ಇಡುವುದು, ಎಸೆಯುವುದು

50 ಡಿಗ್ರಿಗಿಂತ ಬಿಸಿಯಾಗುವ ಕಡೆ ಇಡಬಾರದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ವಿಮಾನದಲ್ಲಿ ಬ್ಯಾಗಿನೊಳಗೆ ತರಲು ಹೋಗಬೇಡಿ, ಬಿಡುವುದಿಲ್ಲ. ಬಳಸುವಾಗ ಡಬ್ಬಿಯೇ ತಣ್ಣಗಾಗಿ ಒತ್ತಡ ಕಮ್ಮಿಯಾಗುತ್ತದೆ, ಆಗ ಬಿಸಿನೀರಿನಲ್ಲಿ ಅದ್ದಬೇಡಿ, ಐದು ನಿಮಿಷ ಬಿಟ್ಟರೆ ತಾನೇ ಸರಿಹೋಗುತ್ತದೆ. ಅಲ್ಲಾಡಿಸಿದಾಗ ಒಳಗೆ ಸದ್ದಿಲ್ಲ ಅಂದರೂ ಪೂರ್ತಿ ಖಾಲಿ ಅಂತ ತಿಳಿಯಬೇಡಿ. ಮೊಳೆ ಹೊಡೆದು ತೂತು ಮಾಡುವುದು, ಕಸದ ಜೊತೆ ಬೆಂಕಿಗೆ ಹಾಕುವುದು ಎರಡೂ ಬೇಡ. ಗಾಳಿಯಾಡುವ ಜಾಗದಲ್ಲಿ ಒತ್ತಿ ಹಿಡಿದು ಉಳಿದದ್ದನ್ನೂ ಹೊರಗೆ ಬಿಟ್ಟು, ಕಸ ತೆಗೆದುಕೊಳ್ಳಲು ಬಂದವರಿಗೆ ಬೇರೆಯಾಗಿ, ಇದು ಸ್ಪ್ರೇ ಡಬ್ಬಿ ಅಂತ ಹೇಳಿ ಕೊಡಿ.